ಹೊಸ ಗೇಮುಗಳ ಮೇಲೆ ಒಂಬತ್ತನೇ ವರ್ಗದ ತಕರಾರು

ನಾನು ಸಿಟ್ಟಿನಿಂದ ಶುರುಮಾಡಿದ ಕೆಲಸಕ್ಕೆ ಊರು ನಗುವುದು ನನ್ನ ಮಾಸ್ತರಿಕೆಯಲ್ಲಿ ವರ್ಷಕ್ಕೊಮ್ಮೆಯಾದರೂ ಆಗುತ್ತದೆ. ಬನಹಟ್ಟಿಯಲ್ಲಿ ಆದದ್ದನ್ನು ಇದ್ದದ್ದು ಇದ್ದಹಾಗೆ ಬರೆಯುತ್ತೇನೆ.

೧. ಶಿಕ್ಷೆ

ಶಾಲೆಯ ಹಿಂದೆ, ಮಗ್ಗ ನಿಂತುಹೋದ ಶೆಡ್ಡಿನಲ್ಲಿ ಆರು ಕಂಪ್ಯೂಟರ್ ಇಟ್ಟು ಗೇಮಿನ ಅಂಗಡಿ ತೆರೆದಿದ್ದರು. ಹೊಸ ಗೇಮು ಬಂದ ದಿನ ಒಂಬತ್ತನೇ ವರ್ಗ ಅರ್ಧ ಖಾಲಿ. ಒಂದು ಮಧ್ಯಾಹ್ನ ನಾನೇ ಹೋಗಿ ನಿಂತೆ. ಪರದೆಯ ಮೇಲೆ ಒಬ್ಬ ಹತ್ತು ನಿಮಿಷದಲ್ಲಿ ನಲವತ್ತೊಂದು ಜನರನ್ನು ಕೊಂದ, ಎಣಿಸಿದೆ. ಒಬ್ಬರ ಮನೆಯವರೂ ಅಳಲಿಲ್ಲ. ಮೈ ಉರಿಯಿತು.

"ಆಡಿದವರೆಲ್ಲ ಗೇಮಿನ ತಪ್ಪು ಬರೆದು ತರಬೇಕು. ಗೋಡೆ ಪತ್ರಿಕೆಗೆ ಹಚ್ಚುತ್ತೇನೆ" ಎಂದೆ.

ಗೋಡೆ ಪತ್ರಿಕೆಯ ಆ ಹಲಗೆ ನನ್ನ ಹೆಂಡತಿ ಶುರುಮಾಡಿದ್ದು. ಅದೇ ಶಾಲೆಯಲ್ಲಿ ಕನ್ನಡ ಕಲಿಸುತ್ತಿದ್ದಳು. ಅವಳು ತೀರಿಕೊಂಡ ಮೇಲೆ ಅದರ ಮೇಲೆ ಒಂದು ಹಾಳೆಯೂ ಏರಿರಲಿಲ್ಲ. ಹೆಡ್ಮಾಸ್ತರು ಹೇಳಿಬಿಟ್ಟಿದ್ದರು: "ಒಂದ ತಿಂಗಳ ನೋಡ್ತೀನ್ರಿ. ಆಮ್ಯಾಲೆ ಕಿತ್ತಸಿ ನಿಯಮದ ಬೋರ್ಡ ಹಾಕಸ್ತೀನಿ."

ಮರುದಿನ ಹನ್ನೊಂದು ಹಾಳೆ ಬಂದವು. ಅವುಗಳಲ್ಲಿ ನಾಲ್ಕು, ನಾನು ಅಂಗಡಿಗೆ ಹೋದ ದಿನ ವರ್ಗದಲ್ಲೇ ಕೂತಿದ್ದ ಹುಡುಗರವು. ಕೇಳಿದರೆ, "ಬರಿಯಾಕಂತ ಹೋಗಿ ಆಡಿ ಬಂದೇವ್ರಿ ಸರ್."

೨. ಅಂಗಿ

ನೇಕಾರರ ಮನೆಯ ಹುಡುಗ ಬರೆದಿದ್ದ: "ವೀರ ಬೆಂಕಿ ಹಾದ, ಮಾಳಿಗಿ ಮ್ಯಾಲಿಂದ ಬಿದ್ದ, ಮುಳ್ಳುತಂತಿ ದಾಟಿದ. ಅಂಗಿಯ ಒಂದು ಎಳೆ ಹರಿಯಲಿಲ್ಲ. ಇಂಥ ಬಟ್ಟೆ ನೇಯ್ದರೆ ಎರಡನೇ ಅಂಗಿ ಯಾರು ಕೊಳ್ಳುತ್ತಾರೆ? ನಮ್ಮ ಓಣಿ ಉಪವಾಸ."

"ನಲವತ್ತೊಂದು ಜನ ಸತ್ತರಲ್ಲೋ! ಅವರ ಬಗ್ಗೆ ಒಂದಕ್ಷರ ಇಲ್ಲ?" ಎಂದು ರೇಗಿದೆ.

"ಖರೇನ ಸರ್, ಬಿಟ್ಟೆ. ಅವರ ಅಂಗಿನೂ ಹರೀಲಿಲ್ರಿ."

೩. ಕುದುರೆ

ಸಾವಳಗಿ ಕಡೆಯ ಕುರುಬರ ಹುಡುಗನ ತಕರಾರು ಬೇರೆ. ಗೇಮಿನಲ್ಲಿ ಸವಾರ ಮೂರು ಹಗಲು ಕುದುರೆ ಓಡಿಸಿದರೂ ಒಮ್ಮೆಯೂ ನೀರು ಕುಡಿಸಲಿಲ್ಲ. "ಇಂಥಾವ ಗೆಲ್ಲಬಾರದಂತ ಬೇಕಂತಾನ ಸೋತ್ನಿರಿ. ಎಂಟ ಸಲ."

ಆ ವಾರವೇ ಅಂಗಡಿಯವನು ಶಾಲೆಗೆ ಬಂದ. "ಏನ್ ಹಚ್ಚೀರಿ ಸರ್ ಇದು? ಒಬ್ಬಾಂವ ಆಡ್ತಾನ, ಐದು ಮಂದಿ ಹಿಂದ ನಿಂತು ತಪ್ಪ ಹುಡುಕ್ತಾರ!"

"ನಿನ್ನ ಅಂಗಡಿ ಮುಚ್ಚಿದರೆ ನನಗೆ ಸಂತೋಷ."

"ಮುಚ್ಚೂದ ಎಲ್ಲಿ ಬಂತ್ರಿ? ನಿಂತ ನಿಂತ ಕಾಲ ನೋಯ್ತಾವಂತ. ಸಾಲಿ ಬೆಂಚ ಎರಡ ಕೊಡ್ರಿ."

೪. ಬಾಗಿಲು

ತಿಂಗಳ ಕೊನೆಗೆ ಹೆಡ್ಮಾಸ್ತರು ಬಡಿಗೇರನನ್ನು ಕರೆದುಕೊಂಡೇ ಬಂದರು. "ಸಾಲಿ ಗ್ವಾಡಿ ಮ್ಯಾಲೆ ಗೇಮಿನ ಸುದ್ದಿ! ಇದೊಂದು ಬರವಣಿಗೀನ? ತಗಿಯಪಾ ಇದನ್ನ."

ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ಶಾಲೆಯಲ್ಲಿ ಕೂಗಾಡಿದೆ. "ಓದದೆ ಮುಟ್ಟಬೇಡಿ! ಒಂದಾದರೂ ಓದಿ ಆಮೇಲೆ ಕಿತ್ತುಹಾಕಿ!"

ಗಾಬರಿಯಾಗಿ ಅವರು ಎದುರಿಗಿದ್ದ ಹಾಳೆ ಓದಿದರು. ಗಲಗಲಿ ಕಡೆಯ, ಅಣೆಕಟ್ಟಿನ ಹಿನ್ನೀರಿಗೆ ಊರು ಬಿಟ್ಟು ಬಂದವರ ಹುಡುಗಿಯದು. ಅಣ್ಣ ಆಡುವಾಗ ನೋಡಿದ್ದಳು: "ಈ ಗೇಮಿನಲ್ಲಿ ವೀರ ಮುಳುಗಿದ ಊರಿಗೆ ಈಜಿ ಹೋಗಿ ಒಂದೊಂದೇ ಬಾಗಿಲು ಒಡೆಯುತ್ತಾನೆ. ಇದು ಸುಳ್ಳು. ಮುಳುಗುವ ಊರಿನಲ್ಲಿ ಬಾಗಿಲು ಯಾರು ಬಿಟ್ಟು ಬರುತ್ತಾರೆ? ನಮ್ಮ ಅಮ್ಮ ಚೌಕಟ್ಟು ಸಮೇತ ಕಿತ್ತು ತಂದಿದ್ದಾಳೆ."

ಹೆಡ್ಮಾಸ್ತರರದೂ ನೀರಿಗೆ ಹೋದ ಊರೇ. ಮುಖ ಕೆಂಪಾಯಿತು. "ಬಾಗಲಾ ಅಷ್ಟ ಅಲ್ರಿ, ಮಾಳಿಗಿ ತೊಲಿ? ಜಂತಿ? ಅವನ್ನೂ ಬಿಚ್ಚಿ ಬಂಡಿ ಮ್ಯಾಲೆ ಹೇರಿದ್ವಿ! ಮತ್ತ ಗೇಮಿನ್ಯಾಗ ಮಾಳಿಗಿ ಹೆಂಗ ನಿಂತೈತಿ? ಎಲ್ಲೈತಿ ಆ ಅಂಗಡಿ? ನಡೀರಿ!"

ಅಂಗಡಿಯಲ್ಲಿ ಆ ಹುಡುಗಿಯ ಅಣ್ಣನ ಹಿಂದೆ ನಿಂತು ಆಜ್ಞೆ ಕೊಡತೊಡಗಿದರು. "ಒಳಗ ಹೋಗಲೇ. ಮ್ಯಾಲೆ ನೋಡು. ಜಂತಿ ಎಣಸು." ಎಣಿಸುವಷ್ಟರಲ್ಲಿ ಉಸಿರು ಮುಗಿದು ವೀರ ಸತ್ತ. "ಸಾಯ್ಲಿ, ಕಳ್ಳ. ಮತ್ತ ಹಚ್ಚು, ಮುಂದಿನ ಮನಿ ನೋಡೂಣು." ಪಾಪ, ವೀರ ಒಂಬತ್ತು ಸಲ ಮುಳುಗಿದ.

ಮರುದಿನ ಬೆಳಿಗ್ಗೆ ಹಲಗೆ ಗೋಡೆಯ ಮೇಲೇ ಇತ್ತು. ತುದಿಯಿಂದ ತುದಿಗೆ ಹೆಡ್ಮಾಸ್ತರರ ಕೈಬರಹದ ಏಳು ಹಾಳೆ. ಮಕ್ಕಳದು ಒಂದೂ ಕಾಣುತ್ತಿರಲಿಲ್ಲ. ನನಗೆ ಮತ್ತೆ ಸಿಟ್ಟು ಬಂತು. "ಸರ್, ಇದು ಮಕ್ಕಳ ಹಲಗೆ. ಅವರು ಎಲ್ಲಿ ಹಚ್ಚಬೇಕು?"

ಅವರು ಎಂಟನೇ ಹಾಳೆಗೆ ಅಂಟು ಹಚ್ಚುತ್ತಲೇ ಹೇಳಿದರು: "ಬಡಿಗೇರಗ ಹೇಳೇನಿ ತಡೀರಿ. ಇನ್ನೊಂದು ಹಲಗಿ ಹೊಡ್ಯಾಕತ್ತಾನ."