ಐದು ಕೇಜಿ ಬಿಟ್ಟವನು

ಗುರುಶಾಂತನ ಕಷ್ಟಕ್ಕೆಲ್ಲ ಮೂಲ ಶೇಂಗಾ ತೂಗುವ ಒಂದು ಕಾಟಾ. ದಸರೆ ಮುಗಿದ ಮರುದಿನ ಅವನು ಕೊಟ್ಟೂರಿಗೆ ಹೆಣ್ಣು ನೋಡಲು ಹೋಗಿದ್ದ. ಹುಡುಗಿಯ ತಂದೆ ಉಜ್ಜಿನಪ್ಪನವರದು ಶೇಂಗಾ ಮಂಡಿ. ಮುಂದೆ ಮಂಡಿ, ಹಿಂದೆ ಮನೆ. ಒಳಗಿನಿಂದ ಚಹಾ ಬರುವುದು ತಡವಾಯಿತು. ಸಂಬಂಧ ತಂದಿದ್ದ ಪಾಲಾಕ್ಷಪ್ಪ ಸುಮ್ಮನೆ ಕೂಡುವ ಜಾತಿಯವನಲ್ಲ. ಹೊತ್ತು ಹೋಗಲೆಂದು ವರನನ್ನು ಎಬ್ಬಿಸಿ ಕಾಟಾದ ಮೇಲೆ ನಿಲ್ಲಿಸಿಬಿಟ್ಟ. ಮುಳ್ಳು ಗರಗರ ತಿರುಗಿ ತೊಂಬತ್ತೆರಡಕ್ಕೆ ನಿಂತಿತು. ಹಮಾಲರು ನಕ್ಕರು. ಅವರಲ್ಲೊಬ್ಬ ಚೀಲದ ತೂಕ ಎಷ್ಟು ಕಳೆಯಬೇಕೆಂದು ಕೇಳಿದ. ಅದೇ ಗಳಿಗೆಗೆ ಅಮೃತಾ ಚಹಾದ ತಟ್ಟೆ ಹಿಡಿದು ಬಾಗಿಲಿಗೆ ಬಂದಳು.

ಅವಳು ನಗಲಿಲ್ಲ. ಮುಳ್ಳು ನೋಡಿದಳು, ಗುರುಶಾಂತನ ಮುಖ ನೋಡಿದಳು, ಚಹಾ ಕೊಟ್ಟು ಒಳಗೆ ಹೋದಳು. ಸಂಜೆ ಪಾಲಾಕ್ಷಪ್ಪನ ಕೈಲಿ ಮಾತು ಕಳಿಸಿದಳು: "ಹುಡುಗ ಒಳ್ಳೇನು ಕಾಣ್ತಾನ. ಕಾರ್ತೀಕ ಹುಣ್ಣಿವಿಯೊಳಗ ಐದು ಕೇಜಿ ಇಳಿಸಿಕೊಂಡು ಬಂದು ಅದ ಕಾಟಾದ ಮ್ಯಾಲ ನಿಂತು ತೋರಿಸಿದ್ರ ನಾ ಒಲ್ಲೆ ಅನ್ನಂಗಿಲ್ಲ."

ಬೇರೆಯವನಾಗಿದ್ದರೆ ಸಿಟ್ಟಾಗುತ್ತಿದ್ದ. ಗುರುಶಾಂತ ಖುಷಿಯಾದ. ಅದಕ್ಕೆ ಕಾರಣವಿತ್ತು. ಅವನು ಅದುವರೆಗೆ ಏಳು ಹೆಣ್ಣು ನೋಡಿದ್ದ. ಏಳೂ ಮನೆಯವರು ಉಪ್ಪಿಟ್ಟು ತಿನ್ನಿಸಿ "ತಿಳಿಸ್ತೀವ್ರಿ" ಎಂದಿದ್ದರು, ಏನೂ ತಿಳಿಸಿರಲಿಲ್ಲ. ಇವಳೊಬ್ಬಳು ಇಷ್ಟು ಅಂತ ಹೇಳಿದ್ದಳು. ಅಲ್ಲದೆ ಎಲ್ಲರೂ ನಗುವಾಗ ನಗದ ಹುಡುಗಿ ಎಲ್ಲಿ ಸಿಗುತ್ತಾಳೆ? ಅವನಿಗೆ ಅಮೃತಾಳೇ ಬೇಕಾಗಿತ್ತು.

ಆದರೆ ಅವನ ಉದ್ಯೋಗ ಮೈ ಇಳಿಸುವಂಥದಲ್ಲ. ಕೂಡ್ಲಿಗಿ ಬಸ್ ಸ್ಟ್ಯಾಂಡಿನ ಎದುರು ಎಸ್‌ಟಿಡಿ ಬೂತು. ಬೆಳಗಿನಿಂದ ರಾತ್ರಿವರೆಗೆ ಕುರ್ಚಿ. ಪಕ್ಕದಲ್ಲಿ ಮಿರ್ಚಿ ಕರಿಯುವ ಬಾಣಲೆ. ಮಂದಿ ಬೂತಿನೊಳಗೆ ನಿಂತು ಹುಬ್ಬಳ್ಳಿಗೋ ದಾವಣಗೆರೆಗೋ ಮಾತಾಡುವಷ್ಟು ಹೊತ್ತಿಗೆ ಅವನು ಒಂದು ಪ್ಲೇಟ್ ಮುಗಿಸುತ್ತಿದ್ದ. ಅಂಥವನು ಒಂದೇ ಏಟಿಗೆ ಎಣ್ಣೆ ಬಿಟ್ಟ, ತುಪ್ಪ ಬಿಟ್ಟ, ಸಕ್ಕರೆ ಬಿಟ್ಟ, ಅನ್ನ ಬಿಟ್ಟ. ಅರ್ಧ ರೊಟ್ಟಿ, ಸೊಪ್ಪಿನ ಪಲ್ಯ, ಬಿಸಿನೀರು. ದೀಪಾವಳಿಯ ದಿನ ಎದುರಿಗೆ ಕರಿಗಡುಬು ಇಟ್ಟುಕೊಂಡು ಸೌತೆಕಾಯಿ ತಿಂದ. ತಾಯಿ ನಾಗಲಿಂಗಮ್ಮ ಮಗನಿಗೆ ಯಾರೋ ಏನೋ ಮಾಡಿಸಿದ್ದಾರೆಂದು ಅನುಮಾನಪಟ್ಟು ಮೆಣಸಿನಕಾಯಿ ಇಳಿ ತೆಗೆದು, ದೃಷ್ಟಿ ಹೋಗಲೆಂದು ಒಲೆಗೆ ಹಾಕಿದಳು. ಅದರ ಘಾಟಿಗೆ ಅವನು ಕೆಮ್ಮಿದ್ದೇ ಆ ತಿಂಗಳ ದೊಡ್ಡ ವ್ಯಾಯಾಮ. ಓಣಿಯವರಂತೂ ಬೂತಿಗೆ ಬಂದು, ಫೋನು ಮಾಡದೆ, ಕೆನ್ನೆ ಇಳಿದಿದೆ, ಸಕ್ಕರೆ ಕಾಯಿಲೆ ಇರಬೇಕು, ದವಾಖಾನೆಗೆ ತೋರಿಸು ಎಂದು ಹೇಳಿಹೋಗುತ್ತಿದ್ದರು.

ಇಷ್ಟಾದರೂ ಹುಣ್ಣಿಮೆಯ ಹಿಂದಿನ ದಿನ ರದ್ದಿ ಪೇಪರ್ ಅಂಗಡಿಯ ತಕ್ಕಡಿ ತೋರಿಸಿದ್ದು ಎಂಬತ್ತೆಂಟು. ಇನ್ನೊಂದು ಕೇಜಿ ಉಳಿದಿತ್ತು. ಮರುದಿನ ಮಧ್ಯಾಹ್ನ ಮೂರಕ್ಕೆ ಕಾಟಾ. ಅವನಿಗೆ ನಿದ್ದೆ ಬರಲಿಲ್ಲ. ಮಗ್ಗುಲು ಬದಲಿಸಿ ಬದಲಿಸಿ ಕೊನೆಗೆ ಒಂದು ಉಪಾಯ ಹೊಳೆಯಿತು. ಕೊಟ್ಟೂರಿಗೆ ಇಪ್ಪತ್ತು ಚಿಲ್ಲರೆ ಕಿಲೋಮೀಟರ್. ಬಸ್ಸಿನಲ್ಲಿ ಕೂತು ಹೋಗುವ ಬದಲು ನಡೆದೇ ಹೋದರೆ ಆ ಒಂದು ಕೇಜಿ ದಾರಿಯಲ್ಲೇ ಉದುರುತ್ತದೆ.

ಬೆಳಗಿನ ಐದಕ್ಕೆ ಎದ್ದು ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು ಹೊರಟ. ಪ್ಯಾಂಟು ಸೊಂಟದಲ್ಲಿ ನಿಲ್ಲುತ್ತಿರಲಿಲ್ಲವಾದ್ದರಿಂದ ಬಿಳಿ ಪಂಚೆ ಉಟ್ಟ. ಒಳ್ಳೆಯ ಬಟ್ಟೆಯನ್ನು ಒಂದು ಬಟ್ಟೆಚೀಲಕ್ಕೆ ಹಾಕಿ ಹೆಗಲಿಗೆ ತೂಗುಬಿಟ್ಟ. ಗಡ್ಡವನ್ನು ಕೊಟ್ಟೂರಿನಲ್ಲೇ ತೆಗೆಸಿದರಾಯಿತು, ಮುಖ ತಾಜಾ ಇರುತ್ತದೆ ಎಂದುಕೊಂಡ. ಹೊಸ ಕ್ಯಾನ್ವಾಸ್ ಬೂಟು ಊರು ದಾಟುವುದರೊಳಗೆ ಹಿಮ್ಮಡಿ ಕಚ್ಚಿತು. ಅದನ್ನೂ ಬಿಚ್ಚಿ ಚೀಲಕ್ಕೆ ತುರುಕಿದ. ಹೀಗೆ ಬರಿಗಾಲು, ಬಿಳಿ ಪಂಚೆ, ಹಣೆಗೆ ವಿಭೂತಿ, ಕುರುಚಲು ಗಡ್ಡ, ಹೆಗಲಿಗೆ ಜೋಳಿಗೆ. ಹುಣ್ಣಿಮೆಯ ದಿನ ಕೊಟ್ಟೂರಿನ ದಾರಿಯಲ್ಲಿ ಈ ವೇಷದಲ್ಲಿ ಹೊರಟವನನ್ನು ನಮ್ಮ ಕಡೆ ಏನೆಂದು ತಿಳಿಯುತ್ತಾರೆ ಎಂಬುದು ಅವನ ತಲೆಗೆ ಬರಲಿಲ್ಲ. ಅವನ ತಲೆಯ ತುಂಬ ಮುಳ್ಳು ತಿರುಗುತ್ತಿತ್ತು.

ಮೊದಲ ಕ್ರಾಸಿನಲ್ಲಿ ಕರಿಯಕ್ಕನ ಗುಡಿಸಲು ಹೋಟೆಲು. ಕೊಟ್ಟೂರಿನ ಗುಡಿಯ ದೇವರನ್ನು ಆ ಕಡೆ ಅಜ್ಜ ಎನ್ನುತ್ತಾರೆ; ಅಜ್ಜನ ದರ್ಶನಕ್ಕೆ ಹರಕೆ ಹೊತ್ತು ನಡೆದುಹೋಗುವವರನ್ನು ಬರಿಹೊಟ್ಟೆಯಲ್ಲಿ ಮುಂದೆ ಕಳಿಸಬಾರದೆಂಬುದು ಆ ದಾರಿಯ ಊರುಗಳ ಕಟ್ಟಳೆ. ಕರಿಯಕ್ಕ ಅವನನ್ನು ಕೈಹಿಡಿದು ಬೆಂಚಿಗೆ ಕೂಡಿಸಿ, ಏನು ಹರಕೆ ಎಂದು ಕೇಳಿದಳು.

"ಹರಕಿ ಏನಿಲ್ಲವ್ವ. ತೂಕ ಇಳಿಸಾಕ ನಡಿಯಾಕ ಹತ್ತೀನಿ."

ಕರಿಯಕ್ಕ ನಕ್ಕಳು. ಹರಕೆಯನ್ನು ಬಾಯಿಬಿಟ್ಟು ಹೇಳಬಾರದು, ಹೇಳದಿರುವುದೇ ಸರಿ ಎಂದು ಒಪ್ಪಿಕೊಂಡಳು. ಬಸ್ಸು ಓಡುವ ದಾರಿಯಲ್ಲಿ ಬರಿಗಾಲಲ್ಲಿ ಇಪ್ಪತ್ತು ಕಿಲೋಮೀಟರ್ ತೂಕಕ್ಕಾಗಿ ನಡೆಯುವವನನ್ನು ಅವಳು ಕಂಡಿರಲಿಲ್ಲ, ಅವಳ ಅಜ್ಜಿಯೂ ಕಂಡಿರಲಿಲ್ಲ. ತಟ್ಟೆ ತುಂಬ ಮಂಡಕ್ಕಿ ಒಗ್ಗರಣೆ, ಮೇಲೆ ನಾಲ್ಕು ಮಿರ್ಚಿ ತಂದಿಟ್ಟಳು. ಗುರುಶಾಂತ ಕೈಮುಗಿದು ಬೇಡವೆಂದ. ಉಪ್ಪಿಟ್ಟು ಬಂತು, ಬೇಡವೆಂದ. ಚಹಾ ಬಂತು, ಸಕ್ಕರೆ ಇದೆಯಾ ಎಂದು ಕೇಳಿ ಬೇಡವೆಂದ.

"ಹಂಗಾರ ಏನೇನು ಬಿಟ್ಟೀರಿ ಸ್ವಾಮಿ?" ಎಂದಳು ಕರಿಯಕ್ಕ. ದನಿ ಬದಲಾಗಿತ್ತು.

ಗುರುಶಾಂತ ಸುಳ್ಳು ಹೇಳುವವನಲ್ಲ. "ಎಣ್ಣಿ, ತುಪ್ಪ, ಸಕ್ಕರಿ, ಅನ್ನ," ಎಂದ.

ಕರಿಯಕ್ಕ ಸೆರಗು ಹೊದ್ದು ಕೈಮುಗಿದಳು. ಅಲ್ಲೇ ಮೂಲೆಯಲ್ಲಿ ಬೆನಕಪ್ಪ ಚಹಾ ಕುಡಿಯುತ್ತಿದ್ದ. ಅವನು ಟಿವಿಎಸ್ ಗಾಡಿಯ ಮೇಲೆ ಬೀಡಿ, ಬೆಂಕಿಪೊಟ್ಟಣ, ಅಗರಬತ್ತಿ ಹೇರಿಕೊಂಡು ದಾರಿಯ ಅಂಗಡಿಗಳಿಗೆಲ್ಲ ಹಾಕುತ್ತ ದಿನಕ್ಕೊಮ್ಮೆ ಕೊಟ್ಟೂರು ಮುಟ್ಟುವವನು. ಸರಕಿನ ಜೊತೆ ಸುದ್ದಿಯನ್ನೂ ಹಾಕುತ್ತಿದ್ದ. ಕೂಡ್ಲಿಗಿಯ ಬೂತಿನ ಗುರುಶಾಂತನ ಗುರುತು ಅವನಿಗಿತ್ತು. ಅವನು ಅರ್ಧ ಚಹಾ ಬಿಟ್ಟು ಗಾಡಿ ಚಾಲೂ ಮಾಡಿದ.

ಮುಂದಿನ ಊರು ಮುಟ್ಟುವ ಹೊತ್ತಿಗೆ ಎಂಟು ಹೊಡೆದಿತ್ತು. ಊರಬಾಗಿಲಲ್ಲಿ ಐದಾರು ಹೆಂಗಸರು ಕಾಯುತ್ತಿದ್ದರು. ನೀರಿನ ತಂಬಿಗೆ, ಮುತ್ತುಗದೆಲೆ, ಎಲೆಯ ಮೇಲೆ ಬಿಸಿ ಹೋಳಿಗೆ, ಹೋಳಿಗೆಯ ಮೇಲೆ ತುಪ್ಪ. ತಿಂಗಳೊಪ್ಪತ್ತು ಸೊಪ್ಪು ತಿಂದವನ ಮೂಗಿಗೆ ಆ ತುಪ್ಪದ ವಾಸನೆ ಬಡಿದಾಗ ಆಗುವ ಸಂಕಟ ಅನುಭವಿಸಿದವರಿಗೇ ಗೊತ್ತು. ಅವನ ಕೈ ತಾನಾಗಿಯೇ ಮುಂದೆ ಹೋಯಿತು. ಕಣ್ಣಮುಂದೆ ಕಾಟಾ ಬಂತು, ಅದರಾಚೆ ಚಹಾದ ತಟ್ಟೆ ಹಿಡಿದ ಅಮೃತಾ ಬಂದಳು. ಕೈ ಹಿಂದಕ್ಕೆ ತೆಗೆದುಕೊಂಡ. ಹೊಟ್ಟೆ ಉರಿಗೆ ಕಣ್ಣಲ್ಲಿ ಎರಡು ಹನಿ ನೀರು ಬಂದೇಬಿಟ್ಟವು.

"ಕಣ್ಣಾಗ ನೀರು ನೋಡ್ರೇ," ಎಂದಳು ದ್ಯಾಮಕ್ಕ ಎಂಬ ಹಿರಿಯಳು. "ಅಜ್ಜನ ಮ್ಯಾಲ ಎಷ್ಟು ಜೀವ." ಅವರಲ್ಲಿಬ್ಬರು ಅವನ ಪಾದಕ್ಕೆ ನೀರು ಹಾಕಿದರು. ಬೊಬ್ಬೆ ಎದ್ದ ಕಾಲಿಗೆ ತಣ್ಣಗಾಯಿತು ನಿಜ, ಆದರೆ ಗುರುಶಾಂತನಿಗೆ ಭಯವಾಯಿತು. ಹಾಗೇನಿಲ್ಲ, ನಾನು ಹೆಣ್ಣಿಗಾಗಿ ಹೊರಟವನು ಎಂದು ಹೇಳಲು ಬಾಯಿ ತೆರೆದ. ತಾಯಿ ವಯಸ್ಸಿನವರ ಮುಂದೆ, ಅದೂ ಕಾಲು ತೊಳೆದವರ ಮುಂದೆ, ಹೇಗೆ ಹೇಳುವುದು? ಬಾಯಿ ಮುಚ್ಚಿ ಬಿರಬಿರನೆ ನಡೆದ.

ಹತ್ತರ ಮೇಲೆ ಬಿಸಿಲೇರಿತು. ಉಸಿರಿಗೂ ಮಾತಿಗೂ ಗಂಟಲು ಸಾಲದಾಯಿತು. ಒಂದೊಂದು ಕಿಲೋಮೀಟರ್ ಕಲ್ಲನ್ನೂ ಮುಟ್ಟಿ ಮುಂದೆ ಹೋಗುತ್ತಿದ್ದ. ನೀರು ಕುಡಿದರೆ ಅದೂ ತೂಕವೇ ಎಂದು ಬಾಯಿ ಮುಕ್ಕಳಿಸಿ ಉಗುಳುತ್ತಿದ್ದ. ಯಾರಾದರೂ ಮಾತಾಡಿಸಿದರೆ ಸುಮ್ಮನೆ ಕೈ ಎತ್ತಿ, ನನ್ನ ಪಾಡಿಗೆ ಬಿಡಿ ಎಂಬಂತೆ ಬೀಸುತ್ತಿದ್ದ. ಜನ ಅದನ್ನು ಆಶೀರ್ವಾದ ಎಂದುಕೊಂಡು ತಲೆಬಾಗುತ್ತಿದ್ದರು. ಹಳ್ಳದಾಚೆ ಒಬ್ಬ ಬಾಣಂತಿ ಕೂಸನ್ನು ತಂದು ಅವನ ಕಾಲ ಮೇಲೆ ಹಾಕಿದಳು. ಕೂಸು ಅವನ ಗಡ್ಡ ನೋಡಿ ಕಿರುಚಿತು. ಎದುರಿನಿಂದ ಬಂದ ಬಸ್ಸು ನಿಂತು, ಕಂಡಕ್ಟರು ಇಳಿದು, ಎರಡು ಬಾಳೆಹಣ್ಣು ಕೊಟ್ಟು ಹೋದ. ಬಾಳೆಹಣ್ಣು ತೂಕ ಹೆಚ್ಚಿಸುತ್ತದೆಂದು ವಾರಪತ್ರಿಕೆಯಲ್ಲಿ ಓದಿದ್ದರಿಂದ ಅವನ್ನು ಒಂದು ಆಡಿಗೆ ತಿನ್ನಿಸಿದ. ಬಸ್ಸಿನ ಕಿಟಕಿಗಳಿಂದ ನಲವತ್ತು ಜನ ಅದನ್ನು ನೋಡಿದರು.

ಬೆನಕಪ್ಪ ಪ್ರತಿ ಅಂಗಡಿಯ ಮುಂದೆ ಗಾಡಿ ನಿಲ್ಲಿಸಿದಾಗಲೂ, ಹಿಂದಿನಿಂದ ಬಂದವರ ಮಾತೂ ಸೇರಿ, ಸುದ್ದಿ ಒಂದಿಷ್ಟು ಬೆಳೆಯುತ್ತಿತ್ತು. ಕೊನೆಯ ಊರಿನ ಕಟ್ಟೆಯ ಮೇಲೆ ಅವನು ಆಡಿದ ಮಾತು ಇದು: "ಎಣ್ಣಿ ಬಿಟ್ಟಾನ, ತುಪ್ಪ ಬಿಟ್ಟಾನ, ಸಕ್ಕರಿ ಬಿಟ್ಟಾನ, ಅನ್ನ ಬಿಟ್ಟಾನ, ಈಗ ಮಾತೂ ಬಿಟ್ಟಾನ. ಇನ್ನ ಸಂಸಾರ ಒಂದು ಬಿಡೋದು ಬಾಕಿ." ಅಲ್ಲಿಂದ ಕೊಟ್ಟೂರಿಗೆ ಬಂದು ಉಜ್ಜಿನಪ್ಪನವರ ಮಂಡಿಗೆ ಬೆಂಕಿಪೊಟ್ಟಣ ಹಾಕುವಾಗ, ಬಾಕಿ ಇದ್ದದ್ದನ್ನೂ ತೀರಿಸಿ, ಕೂಡ್ಲಿಗಿಯ ಬೂತಿನ ಗುರುಶಾಂತ ಮಠ ಸೇರಲು ಹೊರಟಿದ್ದಾನೆ ಎಂದು ಹೇಳಿದ.

ಗುರುಶಾಂತ ಎರಡೂವರೆಗೆ ಕೊಟ್ಟೂರು ಮುಟ್ಟಿದ. ಕ್ಷೌರಕ್ಕೆ ಹೊತ್ತಿರಲಿಲ್ಲ. ಮಂಡಿಗೆ ಕಾಲಿಟ್ಟಾಗ ಅಂದು ನಕ್ಕಿದ್ದ ಹಮಾಲರು ಎದ್ದುನಿಂತರು. ಚೀಲದ ತೂಕ ಕೇಳಿದ್ದವನು ತಲೆಯ ರುಮಾಲು ತೆಗೆದ. ಅವನಿಗೆ ಇದಾವುದೂ ಕಾಣಲಿಲ್ಲ. ಚೀಲವನ್ನು ನೆಲಕ್ಕಿಟ್ಟು ಸೀದಾ ಹೋಗಿ ಕಾಟಾದ ಮೇಲೆ ನಿಂತ. ಮುಳ್ಳು ಓಲಾಡಿ, ಎಂಬತ್ತೇಳು ದಾಟಿ ಇನ್ನೂ ಹಿಂದಕ್ಕೆ ಬಂದು, ಎಂಬತ್ತಾರೂವರೆಗೆ ನಿಂತಿತು. ಜೀವಮಾನದಲ್ಲಿ ಅವನು ಯಾವುದರಲ್ಲೂ ಇಷ್ಟು ಖಚಿತವಾಗಿ ಪಾಸಾಗಿರಲಿಲ್ಲ. "ನೋಡ್ರಿ," ಎಂದ. ಮುಳ್ಳಿನ ಕಡೆ ಬೆರಳು ತೋರಿಸಿದ.

ಯಾರೂ ಮುಳ್ಳು ನೋಡಲಿಲ್ಲ. ಉಜ್ಜಿನಪ್ಪನವರು ಕೈಮುಗಿದುಕೊಂಡೇ ಹೊರಗೆ ಬಂದರು. ಹಿಂದೆ ಪಾಲಾಕ್ಷಪ್ಪ, ಹೆಣ ಹೊತ್ತುಬಂದವನ ಮುಖ ಮಾಡಿಕೊಂಡು. ಮಗಳು ಹುಡುಗಾಟಕ್ಕೆ ಆಡಿದ ಒಂದು ಮಾತನ್ನು ಅಷ್ಟು ಮನಸ್ಸಿಗೆ ಹಚ್ಚಿಕೊಳ್ಳಬಾರದಿತ್ತು, ಹರೆಯದಲ್ಲಿ ಸಂಸಾರ ಬಿಡುವಂಥದ್ದೇನಾಗಿತ್ತು ಎಂದು ಉಜ್ಜಿನಪ್ಪನವರು ನೊಂದುಕೊಂಡರು. ಗುರುಶಾಂತ ಕಾಟಾದ ಮೇಲೆ ನಿಂತೇ ಎಲ್ಲವನ್ನೂ ಹೇಳಿದ: ಕಚ್ಚಿದ ಬೂಟು, ನಿಲ್ಲದ ಪ್ಯಾಂಟು, ಕರಿಯಕ್ಕ, ಆಡು. ಉಜ್ಜಿನಪ್ಪನವರು ಅರ್ಧ ನಂಬಿದರು.

ಆದರೆ ಆ ಮನೆಯಲ್ಲಿ ನಂಬಬೇಕಾದವರು ಅವರಲ್ಲ. ಅವರ ತಾಯಿ ಗಾದೆಮ್ಮ ಕೋಲೂರಿಕೊಂಡು ಬಂದು ಕಾಟಾದ ಮುಂದೆ ನಿಂತಳು.

"ಹೋಳಿಗಿ ಕೊಟ್ರ ಒಲ್ಲೆ ಅಂದಿದ್ದು ಖರೇನೋ ಸುಳ್ಳೋ?"

"ಖರೇ ಅಜ್ಜಿ. ಆದ್ರ..."

"ತುಪ್ಪ ಒಲ್ಲೆ ಅಂದಿದ್ದು?"

"ಖರೇರಿ. ನಿಮ್ಮ ಮೊಮ್ಮಗಳ ಸಲುವಾಗಿ."

"ನಮ್ಮ ಯಜಮಾನ್ರ ತಮ್ಮನೂ ಹಿಂಗ," ಎಂದಳು ಗಾದೆಮ್ಮ ಮಗನ ಕಡೆ ತಿರುಗಿ. "ಒಂದಿನ ತುಪ್ಪ ಒಲ್ಲೆ ಅಂದ. ತಿಂಗಳಿಗೆ ಅನ್ನ ಬಿಟ್ಟ. ಮೂರು ತಿಂಗಳಿಗೆ ಮನಿ ಬಿಟ್ಟ. ಅವನ ಹೆಂಡ್ತಿ ಬಾಗಲದಾಗ ಕುಂತು ಕುಂತು ಮುದುಕಿ ಆಗಿ ಸತ್ಲು, ಅವ ಬರ್ಲಿಲ್ಲ. ತುಪ್ಪ ಬಿಡಾಕ ಬಂದವಗ ಹೆಂಡ್ತಿ ಬಿಡಾಕ ಎಷ್ಟೊತ್ತು? ನಾ ಕೊಡಂಗಿಲ್ಲ."

ಅಮೃತಾ ಬಾಗಿಲಿಗೆ ಬಂದಿದ್ದಳು. ಅವಳೊಬ್ಬಳು ಮುಳ್ಳು ನೋಡಿದಳು. ಆಮೇಲೆ ಅವನ ಕಾಲಿನ ಬೊಬ್ಬೆ ನೋಡಿದಳು. ಅವಳ ಕಣ್ಣು ತುಂಬಿದ್ದನ್ನು ಗುರುಶಾಂತ ಕಂಡ; ಕಂಡು, ಬೇಕಾದರೆ ಬಳ್ಳಾರಿವರೆಗೂ ನಡೆದೇನು ಎನಿಸಿತು.

"ಅಜ್ಜಿ, ಅವರು ಖರೇನ ನನ್ನ ಸಲುವಾಗಿ ಇಳಿಸ್ಯಾರ," ಎಂದಳು.

ಗಾದೆಮ್ಮ ಮೊಮ್ಮಗಳನ್ನು ನೋಡಿದಳು, ವರನನ್ನು ನೋಡಿದಳು, ಕೋಲಿನಿಂದ ಕಾಟಾವನ್ನು ಕುಟ್ಟಿದಳು. "ನಿನ್ನ ಸಲುವಾಗಿ ಇಳಿಸಿದ್ರ ನನ್ನ ಸಲುವಾಗಿ ಏರಿಸ್ಲಿ. ಆ ಐದು ಕೇಜಿ ತಿರುಗಿ ತಗೊಂಡು ಬಂದು ಇದರ ಮ್ಯಾಲ ನಿಂದ್ರಲಿ. ಉಣ್ಣೋ ಗಂಡಸು, ಮನಿ ಬಿಡಂಗಿಲ್ಲ ಅಂತ ಆಗ ನಂಬ್ತೀನಿ. ಮುಂದಿನ ಹುಣ್ಣಿವಿತನ ಟೈಮ್ ಐತಿ."

"ಐದೂವರಿ, ಅಜ್ಜಿ," ಎಂದಳು ಅಮೃತಾ, ಮೆಲ್ಲಗೆ.

ಗುರುಶಾಂತ ಕಾಟಾದಿಂದ ಇಳಿದ. ಹಾಗಾದರೆ ಈಗಲೇ ಶುರುಮಾಡುತ್ತೇನೆ, ಒಂದು ಎಲೆ ಹಾಕಿ ಎಂದು ಕೇಳಿಕೊಂಡ. ಗಾದೆಮ್ಮ ಒಪ್ಪಲಿಲ್ಲ. ಹರಕೆಯೋ ಅಲ್ಲವೋ ದೇವರಿಗೆ ಗೊತ್ತು, ಹುಣ್ಣಿಮೆಯ ದಿನ ನಡೆದು ಬಂದವನ ನೇಮ ಮುರಿಸಿದ ಪಾಪ ತನ್ನ ಮನೆಗೆ ಬೇಡ, ಉಣ್ಣುವುದನ್ನು ನಾಳೆಯಿಂದ ಉಣ್ಣಲಿ ಎಂದಳು.

ಅವನಿಗೆ ನಾಳೆಯವರೆಗೆ ತಡೆಯುವ ಶಕ್ತಿ ಇರಲಿಲ್ಲ. ಕುಂಟುತ್ತ ಬಸ್ ಸ್ಟ್ಯಾಂಡಿಗೆ ಬಂದ. ಅಲ್ಲಿ ಹುಲುಗಣ್ಣನ ಮಿರ್ಚಿ ಅಂಗಡಿ. ಬಾಣಲೆಯಲ್ಲಿ ಹಿಟ್ಟು ಹೊದ್ದ ಮೆಣಸಿನಕಾಯಿಗಳು ಆಗತಾನೆ ಕೆಂಪಗಾಗುತ್ತಿದ್ದವು. ಬೆಂಚಿನ ಮೇಲೆ ಕುಸಿದು ಎರಡು ಪ್ಲೇಟ್ ಮಂಡಕ್ಕಿ, ಎಂಟು ಮಿರ್ಚಿ ಎಂದ. ತಿಂಗಳ ಮೇಲೆ ನಾಲ್ಕು ದಿನದ ಹಸಿವು ಆ ಮಾತಿನಲ್ಲಿತ್ತು. ಹುಲುಗಣ್ಣ ಅವನ ಪಂಚೆ ನೋಡಿದ, ಜೋಳಿಗೆ ನೋಡಿದ, ಬರಿಗಾಲು ನೋಡಿದ. ಒಳಗಿನ ಬೆಂಚಿನಲ್ಲಿ ಕೂತು ಮಿರ್ಚಿ ತಿನ್ನುತ್ತಿದ್ದ ಬೆನಕಪ್ಪನ ಮುಖ ನೋಡಿದ. ಬೆನಕಪ್ಪ ಬಾಯಲ್ಲಿದ್ದದ್ದನ್ನು ನುಂಗಿ, ಹೌದು ಇವರೇ ಎಂದು ತಲೆಯಾಡಿಸಿದ.

ಹುಲುಗಣ್ಣ ಕೈ ತೊಳೆದುಕೊಂಡು ಒಳಗೆ ಹೋದ. ಸ್ವಲ್ಪ ಹೊತ್ತಿಗೆ ಒಂದು ಲೋಟ ಬಿಸಿಹಾಲು, ಎರಡು ಬಾಳೆಹಣ್ಣು ತಂದು ಗುರುಶಾಂತನ ಮುಂದಿಟ್ಟು ಕೈಮುಗಿದು ನಿಂತ.

"ನಮ್ಮ ಭಕ್ತಿ ಪರೀಕ್ಷಾ ಮಾಡಬ್ಯಾಡ್ರಿ," ಎಂದ. "ಹಾಲಿಗೆ ಸಕ್ಕರಿ ಹಾಕಿಲ್ಲ, ತಗೋರಿ."