ಮೊಡವೆಗೆ ಬೇವು, ಆರಾಧನೆಗೆ ಗುಳಿಗೆ

ಇಂದ,
ಇಂದೂಬಾಯಿ ಕೋಂ ಗುರುರಾಜ, ವಯಸ್ಸು ೨೭, ಏಳನೇ ತರಗತಿ ಪಾಸು,
ತವರು ಕಮಲಾಪುರ, ಸದ್ಯ ಶಹಾಬಜಾರ, ಕಲಬುರ್ಗಿ.

ಗೆ,
ಶ್ರೀಮತಿ ತುಂಗಾಬಾಯಿ ಅವರು,
ಅತ್ತೆಯವರು ಹಾಗೂ ಮಡಿ ಅಡುಗೆಯ ಮುಖ್ಯಸ್ಥರು,
ಅದೇ ಮನೆ, ಮುಂದಿನ ಪಡಸಾಲೆ.

ದಿನಾಂಕ: ರಾಯರ ಆರಾಧನೆಗೆ ಎರಡು ದಿವಸ ಮುಂಚೆ, ೧೯೯೪.

ವಿಷಯ: ತಿಂಗಳಿಗೆ ಮೂರು ದಿವಸದ ಸೂಟಿ ಮಂಜೂರು ಮಾಡುವ ಕುರಿತು.

ಉಲ್ಲೇಖ: ೧) ತಮ್ಮ ಮೌಖಿಕ ಆದೇಶ: “ಇಂದೂ, ಮಾರಿಗೆ ಬೇವು ಅರದು ಹಚ್ಚಿಕೋ.”
೨) ಅದೇ ದಿವಸ, ಅದೇ ಉಸಿರಿನಲ್ಲಿ: “ಆರಾಧನಿ ಬಂತು. ಗುಳಗಿ ಶುರು ಮಾಡು.”

ಮಾನ್ಯರೇ,

ಮೊದಲು ಖರ್ಚು. ಅರ್ಜಿದಾರಳ ಮುಖದ ಮೊಡವೆಗಳ ಸಲುವಾಗಿ ಮೂರು ವರ್ಷದಲ್ಲಿ ಮುಲ್ತಾನಿ ಮಿಟ್ಟಿಗೆ ಹದಿನೆಂಟು ರೂಪಾಯಿ, ಚಂದನದ ಕೊರಡಿಗೆ ಅರವತ್ತು, ಕಮಲಾಪುರದ ಬಸ್ಸಿಗೆ ನಲವತ್ತೆಂಟು ಹೋಗಿದೆ. ಬೇವು ಪುಕ್ಕಟೆ. ಗುಳಿಗೆಯ ಖರ್ಚು ದೇವರ ಲೆಕ್ಕದಲ್ಲಿ ಸೇರಿದ ಕಾರಣ ಇಲ್ಲಿ ಬರೆದಿಲ್ಲ. ಅದರ ವಿಚಾರ ಮುಂದೆ ಬರುತ್ತದೆ.

೧. ಉಲ್ಲೇಖ ಒಂದರ ಆದೇಶ ಮೂರು ವರ್ಷದ ಹಿಂದೆ ಮೊದಲ ಸಲ ಆದಾಗ, ಅರ್ಜಿದಾರಳು ಮುಖಕ್ಕೆ ಬೇವು ಬಳಿದುಕೊಂಡು ಬಾಗಿಲು ತೆಗೆದಳು. ಹಾಲಿನ ನಬಿಸಾಬ್ ಎರಡು ಮೆಟ್ಟಿಲು ಹಿಂದಕ್ಕೆ ಸರಿದು, “ಯಾ ಅಲ್ಲಾ! ಅಕ್ಕಾರ, ದವಾಖಾನಿಗಿ ಹೋಗ್ರಿ. ಹಾಲಿನ ರೊಕ್ಕ ಆಮ್ಯಾಲ ಕೊಡ್ರಿ” ಅಂದ. ಮೊಡವೆ ಕಡಿಮೆಯಾಗಲಿಲ್ಲ.

೨. ನಂತರ ಅರಿಷಿಣ, ಮೆಂತ್ಯ, ಲೋಳಸರ, ತೇದ ಜಾಯಿಕಾಯಿ. ನೆರೆಮನೆಯ ಚಂದ್ರಾಬಾಯಿಯವರು ಹೇಳಿದ್ದು ಒಂದು, ಅವರ ಅಕ್ಕ ಹೇಳಿದ್ದು ಇನ್ನೊಂದು. ಅರ್ಜಿದಾರಳ ಮುಖ ಒಂದು ವಾರ ಹಸಿರು, ಒಂದು ವಾರ ಹಳದಿ ಇತ್ತು. ಬಂದ ಮುತ್ತೈದೆಯರೆಲ್ಲ ಮುಖ ನೋಡಿ ಹೋದರು. ಕುಂಕುಮ ಹಚ್ಚಲು ಮಾತ್ರ ಜಾಗ ಹುಡುಕಬೇಕಾಯಿತು.

೩. ಆಗ ತಾವು, “ಇದು ನಿಮ್ಮ ಕಮಲಾಪುರದ ನೀರಿನ ದೋಷ. ಅಲ್ಲೇ ಔಷಧ ಕೇಳೋಣ ನಡಿ” ಎಂದು ಅರ್ಜಿದಾರಳನ್ನು ಅಲ್ಲಿಯ ನಾಟಿ ವೈದ್ಯ ಅಣವೀರಪ್ಪನವರ ಕಟ್ಟೆಗೆ ಕರೆದುಕೊಂಡು ಹೋದಿರಿ. ಅವರು ನಾಡಿ ಹಿಡಿದು, “ಬ್ಯಾರೆ ಏನರ ಗುಳಗಿ ನುಂಗತೀಯೇನವ್ವಾ?” ಎಂದು ಕೇಳಿದರು. ಅರ್ಜಿದಾರಳು ಬಾಯಿ ತೆಗೆಯುವಷ್ಟರಲ್ಲಿ ತಾವು ಉತ್ತರ ಕೊಟ್ಟಿರಿ: “ಏನ್ ಮಾತಾಡ್ತೀರಿ? ನಮ್ಮನ್ಯಾಗ ಇಂಗ್ಲಿಷ್ ಗುಳಗಿ ಯಾರೂ ಮುಟ್ಟಂಗಿಲ್ಲ.”

೪. ತಾವು ಸುಳ್ಳು ಹೇಳಲಿಲ್ಲ. ಇದನ್ನು ಅರ್ಜಿದಾರಳು ಪ್ರಮಾಣ ಮಾಡಿ ಹೇಳುತ್ತಾಳೆ. ಮುಟ್ಟು ಮುಂದೂಡುವ ಗುಳಿಗೆಗಳನ್ನು ತಾವು ದೇವರ ಮನೆಯಲ್ಲಿ ಗೋಪೀಚಂದನದ ಡಬ್ಬಿಯಲ್ಲಿ ಇಟ್ಟಿರುತ್ತೀರಿ. ಆದ್ದರಿಂದ ಅವು ಔಷಧವಲ್ಲ, ಮಡಿಯ ಸಾಮಾನು. ವರಮಹಾಲಕ್ಷ್ಮಿಗೆ ಗುಳಿಗೆಯ ಒಂದು ಪಟ್ಟಿ, ಆರಾಧನೆಗೆ ಒಂದು, ಮಾವನವರ ಶ್ರಾದ್ಧಕ್ಕೆ ಒಂದು, ನವರಾತ್ರಿಗೆ ಒಂದು. ಸೊಸೆ ಹೊರಗಾದರೆ ಮಡಿ ಅಡುಗೆ ನಿಲ್ಲುತ್ತದೆ. ಕಾರಣ ಸೊಸೆ ಹೊರಗಾಗಬಾರದು. ಉಳಿದ ಹಬ್ಬ, ವ್ರತ ಸೇರಿ ಹೋದ ವರ್ಷ ಇಂಥ ಪಟ್ಟಿ ಹನ್ನೊಂದು.

೫. ಅಣವೀರಪ್ಪನವರು ಕೆಂಪು ಬಾಳೆಹಣ್ಣಿನ ಸಿಪ್ಪೆ ದಿನಾ ಉಜ್ಜಲು ಹೇಳಿದರು. ಅಷ್ಟರಲ್ಲಿ ತಂಗಿಯ ಬಾಣಂತನ ಬಂದು ಅರ್ಜಿದಾರಳು ಎರಡೂವರೆ ತಿಂಗಳು ಕಮಲಾಪುರದಲ್ಲೇ ಉಳಿದಳು. ಅಲ್ಲಿ ಮಡಿ ಅಡುಗೆ ಅವ್ವನದು, ಗುಳಿಗೆ ಇರಲಿಲ್ಲ. ಅರ್ಜಿದಾರಳ ಮುಖ ತಿಳಿಯಾಯಿತು. ತಾವು ಬಂದು ನೋಡಿ, “ನೋಡು, ಸಿಪ್ಪಿ ಎಷ್ಟು ಛಲೋ ಕೆಲಸ ಮಾಡ್ಯಾವ!” ಎಂದು ಕಣ್ಣಲ್ಲಿ ನೀರು ತಂದಿರಿ. ಈಗ ಹೇಳುವುದು ಅರ್ಜಿದಾರಳ ಕರ್ತವ್ಯ: ಹಣ್ಣು ತಿಂದವಳು ಬಾಣಂತಿ, ಸಿಪ್ಪೆ ತಿಂದದ್ದು ಅವ್ವನ ಎಮ್ಮೆ.

೬. ಕಲಬುರ್ಗಿಗೆ ಬಂದ ಮೇಲೆ ನವರಾತ್ರಿ ಬಂತು, ಗುಳಿಗೆ ಬಂತು, ಗದ್ದದ ಮೇಲೆ ಗಂಟುಗಂಟಾಗಿ ಮೊಡವೆ ಬಂದವು. ಎಮ್ಮೆಯ ಸಂಗತಿ ಈ ಮನೆಯಲ್ಲಿ ತಿಳಿದವಳು ಅರ್ಜಿದಾರಳೊಬ್ಬಳೇ ಆದ ಕಾರಣ, ಉಳಿದ ಲೆಕ್ಕವನ್ನೂ ಅವಳೇ ಹಾಕಬೇಕಾಯಿತು. ಖಾಲಿ ಪಟ್ಟಿಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಜೇವರ್ಗಿ ಕಾಲೋನಿಯ ಡಾಕ್ಟರಬಾಯಿಗೆ ತೋರಿಸಿದಳು. ಅವರು ಹೇಳಿದ್ದು ಇಷ್ಟು: “ಎಲ್ಲಾರಿಗೂ ಹಿಂಗ ಆಗಂಗಿಲ್ಲ, ನಿಮಗ ಆಗ್ಯಾದ. ಇದನ್ನ ಒಳಗ ನುಂಗಕೋತ, ಹೊರಗ ಬೇವು ಹಚ್ಚಿ ಏನ್ ಮಾಡ್ತೀರವ್ವಾ?”

೭. ಸೂಟಿಯ ಅವಧಿಯಲ್ಲಿ ಬದಲಿ ವ್ಯವಸ್ಥೆ: ತಮ್ಮ ಮಗ ಶ್ರೀ ಗುರುರಾಜ ಅವರು. ಮಠದಲ್ಲಿ ನೂರು ಎಲೆಗೆ ಸಾರು ಮಾಡಿ ಭೇಷ್ ಅನಿಸಿಕೊಳ್ಳುವ ಸದರಿಯವರಿಗೆ ಮನೆಯ ಒಲೆ ಎಲ್ಲಿದೆ ಎಂದು ತಿಳಿಯದು. ತೋರಿಸಿದರೆ ತಿಳಿಯಬಹುದು.

೮. ಎಲೆ ಎತ್ತಿ ಗೋಮಯ ಮಾಡುವಾಗ ತಾವೇ ಒಮ್ಮೆ ಹೇಳಿದ್ದಿರಿ: “ನಮ್ಮ ಕಾಲದಾಗ ಆ ಮೂರು ದಿವಸನ ನಮಗ ಸೂಟಿ. ಹಿತ್ತಲದಾಗ ಕೂತು ಬೀಗರನ್ನೆಲ್ಲಾ ಬೈಕೋತ ಹರಟಿ ಹೊಡೀತಿದ್ವಿ.” ಹೇಳುವಾಗ ತಾವು ನಕ್ಕಿದ್ದಿರಿ. ಅದಕ್ಕಿಂತ ಹೆಚ್ಚಿನದನ್ನು ಅರ್ಜಿದಾರಳು ಕೇಳುತ್ತಿಲ್ಲ. ಬೈಯುವುದನ್ನು ಬೇಕಾದರೆ ಬಿಡುತ್ತಾಳೆ.

ಆದ್ದರಿಂದ ಗುಳಿಗೆ ನಿಲ್ಲಿಸಿ, ಸೂಟಿ ಮಂಜೂರು ಮಾಡಬೇಕಾಗಿ ವಿನಂತಿ. ಉಲ್ಲೇಖ ಎರಡರ ಗುಳಿಗೆಯನ್ನು ಈ ಸಲ ನುಂಗಿಲ್ಲ. ಆ ಕಾರಣ ಇಂದು ನಸುಕಿನಿಂದ ಅರ್ಜಿದಾರಳು ಹೊರಗಾಗಿದ್ದು, ಮಂಜೂರಾತಿಯ ದಾರಿ ಕಾಯುತ್ತ ಹಿತ್ತಲ ಕೋಣೆಯಲ್ಲಿ ಚಾಪೆ ಹಾಸಿ ಕೂತಿರುತ್ತಾಳೆ. ತಮ್ಮ ಮೊಣಕಾಲಿಗೆ ಎಣ್ಣೆ ಹಚ್ಚುವ ಕೆಲಸ ನಾಲ್ಕನೇ ದಿವಸ ಮೊದಲಿನಂತೆ ನಡೆಯುತ್ತದೆ.

ತಮ್ಮ ವಿಶ್ವಾಸಿ, ಬೇವು ಹಚ್ಚದ ಮುಖದ
ಇಂದೂಬಾಯಿ

ಲಗತ್ತು: ೧) ಖಾಲಿ ಪಟ್ಟಿ, ಹನ್ನೊಂದು. ೨) ತುಂಬಿದ ಪಟ್ಟಿ, ಒಂದು. ೩) ಡಾಕ್ಟರಬಾಯಿಯ ಚೀಟಿ. ಎಮ್ಮೆಯ ಸಾಕ್ಷಿ ಬೇಕಾದಲ್ಲಿ ಕಮಲಾಪುರಕ್ಕೆ ದಯಮಾಡಿಸುವುದು.

ವಿಶೇಷ ಸೂಚನೆ: ಅರ್ಜಿಯನ್ನು ಹೊಸ್ತಿಲ ಮೇಲೆ ಕಲ್ಲಿನ ಕೆಳಗೆ ಇಟ್ಟಿದೆ. ತಾವು ಮಡಿಯಲ್ಲಿರುವುದರಿಂದ ಮುಟ್ಟದೆ, ಬಗ್ಗಿ ಓದಿಕೊಳ್ಳಬೇಕಾಗಿ ಕೋರಿಕೆ. ಅಡುಗೆಮನೆಯಿಂದ ಒಗ್ಗರಣೆ ಸೀದ ವಾಸನೆ ಬರುತ್ತಿದೆ. ಶ್ರೀ ಗುರುರಾಜ ಅವರಿಗೆ ಒಲೆ ಸಿಕ್ಕಿದೆ ಎಂದು ತಿಳಿದುಬಂದಿದೆ.

ಕಳೆದದ್ದು: ಮೂರು ವರ್ಷ, ಗದ್ದದ ಮೇಲೆ ಹೋಗದ ಐದು ಕಲೆ.
ಸಿಕ್ಕಿದ್ದು: ಮೂರು ದಿವಸ. ಇವತ್ತು ಮೊದಲನೆಯದು.