ಹದಿನಾಲ್ಕು ನುಸಿ

ಚುಕ್ಕೆಗೆ ಕಾಲಿವೆಯೇ? ಇದ್ದರೆ ನುಸಿ, ಇಲ್ಲದಿದ್ದರೆ ಕಸ. ಆದರೆ ಸಕ್ಕರೆ ಮೆತ್ತಿಕೊಂಡು ನೀರಿಗೆ ಬಿದ್ದ ನುಸಿ ಕಾಲು ಮಡಚಿಕೊಂಡಿದ್ದರೆ? ನೀರು ಹಾಕಿದ ಬಿಳಿ ಬಶಿಯ ಮೇಲೆ ಬಗ್ಗಿ ನಾಸಿರ ಮೂರನೆಯ ಸಲ ಎಣಿಸಿದ. ಹದಿನಾಲ್ಕು.

ಮುನ್ನೂರು ಜೇನುಹುಳಕ್ಕೆ, ಅವುಗಳ ಮೈಗಂಟಿ ರಸ ಹೀರುವ ನುಸಿ ಒಂಬತ್ತು ದಾಟಿದರೆ ಪೆಟ್ಟಿಗೆ ಕೆಟ್ಟಿತು ಎಂದು ಜೇನು ಸಾಕಣೆಯ ತರಬೇತಿಯಲ್ಲಿ ಹೇಳಿದ್ದರು. ಬಿ.ಎ. ಮುಗಿಸಿ ಎರಡು ವರ್ಷ ಮನೆಯಲ್ಲಿ ಮಾತಿಲ್ಲದೆ ಕೂತವನಿಗೆ ಇದ್ದದ್ದೇ ಒಂದು ಪೆಟ್ಟಿಗೆ. ಸಂಪಗಾಂವದ ಸುತ್ತ ಹೂವು ಮುಗಿದಿತ್ತು. ಹೂಲಿಯ ಕಾಡಪ್ಪ ತನ್ನ ಸೂರ್ಯಕಾಂತಿ ಹೊಲದಲ್ಲಿ ಜಾಗ ಕೊಡಲು ಒಪ್ಪಿದ್ದ; ನುಸಿಯಿಲ್ಲವೆಂದು ತನ್ನ ಕಣ್ಣೆದುರೇ ತೋರಿಸಬೇಕೆಂದು ಟಂಟಂ ಗಾಡಿ ತೆಗೆದುಕೊಂಡೇ ಬಂದಿದ್ದ. ಹೊತ್ತು ಮುಳುಗುವುದರೊಳಗೆ ಇತ್ಯರ್ಥವಾಗದಿದ್ದರೆ ಹುಳಗಳಿಗೆ ಉಪವಾಸವೇ ಗತಿ.

ನಾಸಿರ ಎಲ್ಲವನ್ನೂ ಕ್ರಮವಾಗಿಯೇ ಮಾಡಿದ್ದ. ಮೊದಲು ರಾಣಿಯನ್ನು ಹುಡುಕಿ, ಅವಳಿದ್ದ ಜೇನು ಎರಿಯ ಚೌಕಟ್ಟನ್ನು ಪಕ್ಕಕ್ಕಿಟ್ಟಿದ್ದ. ಮೊಟ್ಟೆ ಇಡುವವಳು ಅವಳೊಬ್ಬಳೇ. ಅವಳು ಹೋದರೆ ಪೆಟ್ಟಿಗೆಯೇ ಹೋದಂತೆ. ಆಮೇಲೆ ಅರ್ಧ ಕಪ್, ಅಂದರೆ ಮುನ್ನೂರರಷ್ಟು, ಹುಳವನ್ನು ಜಾಳಿ ಮುಚ್ಚಳದ ಡಬ್ಬಿಗೆ ಸುರಿದು, ಅಮ್ಮ ಅನ್ವರಬಿ ಬೀಸಿಕೊಟ್ಟ ಹಿಟ್ಟಿನಂಥ ಪಿಠಿ ಸಕ್ಕರೆ ಹಾಕಿ ಅಲುಗಿಸಿದ್ದ. ನುಸಿ ಸಕ್ಕರೆಯೊಡನೆ ಬಶಿಯ ನೀರಿಗೆ ಉದುರುತ್ತದೆ, ಸಕ್ಕರೆ ಕರಗಿ ನುಸಿ ಉಳಿಯುತ್ತದೆ, ಹುಳಗಳು ಗಿರಣಿಯವನ ಹಾಗೆ ಬೆಳ್ಳಗಾಗಿ ಮನೆಗೆ ಮರಳುತ್ತವೆ. ಕೊನೆಗೆ ರಾಣಿಯ ಚೌಕಟ್ಟನ್ನೂ ಒಳಗಿಟ್ಟಿದ್ದ.

ಪಕ್ಕದ ಮನೆಯ ಲಗಮವ್ವ ಗೋಡೆಯಾಚೆಯಿಂದಲೇ ಚಾಳೀಸು ಏರಿಸಿ ಎಣಿಸಿದಳು. ಅವಳ ಲೆಕ್ಕಕ್ಕೆ ಹದಿನಾರು ಬಂತು. ಪೆಟ್ಟಿಗೆಗೆ ಬೇವಿನ ಹೊಗೆ ಹಾಕು ಎಂದಳು. ನಾಸಿರನ ಮುಖ ನೋಡಿ, ನೀನೂ ಒಂದಿಷ್ಟು ತಗೋ ಎಂದಳು. ದಿನಕ್ಕೆ ಎರಡು ಸಲ ಕಸ ಹೊಡೆಯುವ ಮನೆಯಲ್ಲಿ ನುಸಿ ಎಲ್ಲಿಂದ ಬಂತೆಂದು ಅನ್ವರಬಿ ಸಿಡಿಮಿಡಿಗೊಂಡಳು.

"ಬ್ಯಾಡ ತಮ್ಮಾ," ಎಂದು ಕಾಡಪ್ಪ ಟಂಟಂ ತಿರುಗಿಸಿದ. "ನನ್ನ ಹೊಲದಾಗ ಬ್ಯಾರೆಯವರ ಪೆಟಗಿ ಅದಾವ. ಅವಕ್ಕೂ ಹತ್ತಿದ್ರ ನಾ ಯಾರಿಗೆ ಹೇಳ್ಲಿ?"

ವಾದ ಮಾಡಿ ಗೊತ್ತಿಲ್ಲದ ನಾಸಿರ ಬೆರಳ ತುದಿಗೆ ಒಂದು ಚುಕ್ಕೆ ಹತ್ತಿಸಿಕೊಂಡು ಬಾಯಿಗೆ ಹಾಕಿಕೊಂಡ. ಲಗಮವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಕಾಡಪ್ಪ ಎಂಜಿನ್ ಆರಿಸಿದ.

"ಯಾಲಕ್ಕಿ," ಎಂದ ನಾಸಿರ.

ಎಲ್ಲರೂ ಅನ್ವರಬಿಯತ್ತ ನೋಡಿದರು.

"ಹೌದ, ಹಾಕೇನಿ. ಹುಳಾ ಆದ್ರೇನಾತು, ಬರೇ ಸಕ್ಕರಿ ಹೆಂಗ ಕೊಡೂದು?"

ಈ ಸಲ ಸಕ್ಕರೆ ಬೀಸುವ ಅಧಿಕಾರ ಲಗಮವ್ವನಿಗೆ ಹೋಯಿತು. ಬೀಸುತ್ತ ಅವಳು ಅನ್ವರಬಿಯ ಅಡುಗೆಯ ಹಳೆಯ ತಪ್ಪುಗಳನ್ನೆಲ್ಲ ನೆನೆದಳು. ಅಷ್ಟರಲ್ಲಿ ಸೂರ್ಯ ಬೇವಿನ ಮರದ ಹಿಂದಕ್ಕೆ ಇಳಿದ. ಕಾಡಪ್ಪ ಹೆಣ್ಣು ಕರೆಯಲು ಬಂದ ಬೀಗರಂತೆ ನಿಮಿಷಕ್ಕೊಮ್ಮೆ ಹಾರ್ನ್ ಹೊಡೆದ. ಒಬ್ಬರು ಬೇಗ ಅಂದರು, ಇನ್ನೊಬ್ಬರು ಮೆಲ್ಲಗೆ ಅಂದರು. ನಾಸಿರ ಕೈಗೆ ಸಿಕ್ಕ ಚೌಕಟ್ಟು ಎತ್ತಿ, ಅರ್ಧ ಕಪ್ ಹುಳ ಡಬ್ಬಿಗೆ ಸುರಿದು, ಯಾರ ಮೇಲೂ ತೋರಿಸಲಾಗದ ಸಿಟ್ಟನ್ನೆಲ್ಲ ಸೇರಿಸಿ ಅಲುಗಿಸಿದ.

ಬಶಿಯಲ್ಲಿ ಒಂದು ಚುಕ್ಕೆಯೂ ಇರಲಿಲ್ಲ.

ತಾನೇ ಪಾಸಾದವನಂತೆ ಕಾಡಪ್ಪ ಮೀಸೆ ತಿರುವಿದ. ಬೆಳ್ಳಗಾದ ಹುಳಗಳನ್ನು ಒಳಗೆ ಬಿಟ್ಟು, ಬಾಗಿಲು ಮುಚ್ಚಿ, ಪೆಟ್ಟಿಗೆಯನ್ನು ಗಾಡಿಗೇರಿಸಿ ಹಗ್ಗದಿಂದ ಬಿಗಿದರು. ಕತ್ತಲಾಗುತ್ತಲೇ ಟಂಟಂ ಹೊರಟಿತು. ವರ್ಷಗಳ ಮೇಲೆ ಮೊದಲ ಸಲ ನಾಸಿರನಿಗೆ ಚಹಾ ರುಚಿಸಿತು.

ಅನ್ವರಬಿ ಡಬ್ಬಿ ತೊಳೆಯಲು ಕೂತಳು.

"ನಾಸಿರ, ತಳದ ಸಕ್ಕರ್ಯಾಗ ಒಂದು ಸತ್ತದ ನೋಡು. ಉದ್ದಂದು, ಹೊಟ್ಟಿನೂ ದೊಡ್ಡದು. ಏನರ ಬೇಕಾಗಿತ್ತೇನ ಇದು?"

ನಾಸಿರ ನೋಡಿದ. ಎರಡನೆಯ ಸಲ ಅವನು ರಾಣಿಯನ್ನು ಹುಡುಕಿರಲಿಲ್ಲ.

"ಇಲ್ಲಮ್ಮಾ," ಎಂದ.

ಆಗಲೇ ಕಾಡಪ್ಪನ ಫೋನ್ ಬಂತು. "ತಮ್ಮಾ, ನಿನ್ನ ಹುಳಾ ಒಂದ ಸವನ ಗುಂಯ್ ಅನ್ನಾಕ ಹತ್ಯಾವ. ಹೂವಿನ ವಾಸನಿ ಬಡದಿರಬೇಕು, ಖುಷಿಲೆ ಹಾಡತಾವ ನೋಡು."

ರಾಣಿ ಕಾಣೆಯಾದ ಪೆಟ್ಟಿಗೆ ಹಾಗೆಯೇ ಮೊರೆಯುತ್ತದೆ.

"ಹೂಂ ಕಾಕಾ," ಎಂದ ನಾಸಿರ. ಡಬ್ಬಿಯಲ್ಲಿ ಸತ್ತದ್ದು ರಾಣಿ ಎಂದು ಅವನು ಕಾಡಪ್ಪನಿಗೂ ಹೇಳಲಿಲ್ಲ, ಅಮ್ಮನಿಗೂ ಹೇಳಲಿಲ್ಲ.